ಕೋಲ್ಡ್ ರೂಮ್ ಕೂಗಿದಾಗ ಏನು ಮಾಡಬೇಕು? ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲದ ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಕಾರವಾರದ ಒಂದು ಮೀನಿನ ಕೋಲ್ಡ್ ಸ್ಟೋರೇಜ್‌ನಿಂದ ಫೋನ್ ಬಂತು. "ಅಣ್ಣಾ, ರೂಮ್ ಮೈನಸ್ ಆರಕ್ಕೆ ಬಂದಿದೆ, ಬೇಗ ಬನ್ನಿ." ಇರಬೇಕಾದದ್ದು ಮೈನಸ್ ಇಪ್ಪತ್ತು. ಹೋಗಿ ನೋಡಿದರೆ ಪ್ಯಾನೆಲ್‌ನ ಬಜರ್ ತೂತಿಗೆ ಹತ್ತಿ ತುರುಕಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಸಂಜೆ ಏಳರಿಂದ ಅದು ಕೂಗುತ್ತಲೇ ಇತ್ತಂತೆ. "ದಿನಾ ಕೂಗ್ತದೆ ಅಣ್ಣಾ, ಅದಕ್ಕೇ..." ಅಂದ ಅಲ್ಲಿನ ಹುಡುಗ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ಹತ್ತು ಸಲ ಸುಮ್ನೆ ಕೂಗುವ ಅಲಾರಂ ಹನ್ನೊಂದನೇ ಸಲ ನಿಜಕ್ಕೂ ಕೂಗಿದರೆ ಯಾರು ಎದ್ದು ಹೋಗ್ತಾರೆ?

ಹೊರಗೆ ಹೋಗಿ ಟಾರ್ಚ್ ಹಾಕಿದೆ. ಮಷಿನ್ ಮೇಲೆ ಮಳೆ ಬೀಳಬಾರದು ಅಂತ ಯಾರೋ ಕಂಡೆನ್ಸರ್‌ಗೆ (ಒಳಗಿನ ಬಿಸಿಯನ್ನು ಹೊರಗೆ ಬಿಡುವ ಭಾಗ) ನೀಲಿ ಟಾರ್ಪಾಲು ಕಟ್ಟಿದ್ದರು. ಮೂರೂ ಬದಿ ಮುಚ್ಚಿ, ಹಗ್ಗ ಬಿಗಿದು, ಚೆನ್ನಾಗಿಯೇ ಕಟ್ಟಿದ್ದರು. ಫ್ಯಾನ್ ಬಿಟ್ಟ ಬಿಸಿ ಗಾಳಿಯನ್ನು ಫ್ಯಾನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಒತ್ತಡ ಏರಿ ಮಷಿನ್ ತಾನಾಗಿ ನಿಂತಿತ್ತು. ಟಾರ್ಪಾಲು ಬಿಚ್ಚಿ, ಹತ್ತು ನಿಮಿಷ ತಣಿಯಲು ಬಿಟ್ಟು, ಕೆಂಪು ರಿಸೆಟ್ ಬಟನ್ ಒತ್ತಿದೆ. ಮಷಿನ್ ಹೊರಟಿತು. ಕೆಲಸ ಇದ್ದದ್ದು ಕಾಲು ಗಂಟೆಯದ್ದು, ಹೋದದ್ದು ಏಳು ತಾಸು.

ಮೀನಿನ ಕೋಲ್ಡ್ ರೂಮ್, ಐಸ್ ಫ್ಯಾಕ್ಟರಿ, ಐಸ್‌ಕ್ರೀಮ್ ಅಂಗಡಿ, ಹೋಟೆಲ್ ಏಸಿ, ಅಣಬೆ ಮನೆ ಇವನ್ನೆಲ್ಲ ನೋಡಿಕೊಳ್ಳುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಮೆಕ್ಯಾನಿಕ್ ಬರುವ ತನಕ ಏನು ನೋಡಬೇಕು, ಏನು ಮುಟ್ಟಬಾರದು ಅನ್ನುವುದು ಗೊತ್ತಿದ್ದರೆ ಮಾಲು ಉಳಿಯುತ್ತದೆ.

ಅಲಾರಂ ಹೇಳುವುದೆಷ್ಟು, ಹೇಳದಿರುವುದೆಷ್ಟು

ಅಲಾರಂ ನೋವು ಎಲ್ಲಿ ಅಂತ ಹೇಳುತ್ತದೆ, ರೋಗ ಯಾವುದು ಅಂತ ಹೇಳುವುದಿಲ್ಲ. "ಹೈ ಟೆಂಪರೇಚರ್" ಅಂತ ಬಂದರೆ ರೂಮ್ ಬಿಸಿಯಾಗಿದೆ ಅಂತ ಮಾತ್ರ ಅರ್ಥ. ಬಾಗಿಲು ತೆರೆದಿರಬಹುದು, ಕಾಯಿಲ್ (ರೂಮಿನೊಳಗೆ ಗಾಳಿ ತಂಪು ಮಾಡುವ ಪೈಪ್‌ಗಳ ಸಾಲು) ಹಿಮ ಕಟ್ಟಿರಬಹುದು, ಕರೆಂಟ್ ಒಂದು ಫೇಸ್ ಹೋಗಿರಬಹುದು, ಪೈಪ್‌ನೊಳಗೆ ಓಡಾಡಿ ತಂಪು ಮಾಡುವ ಗ್ಯಾಸ್ ಸೋರಿರಬಹುದು. ನಾಲ್ಕಕ್ಕೂ ಬರುವುದು ಅದೇ ಅಲಾರಂ.

ಇನ್ನೊಂದು ವಿಷಯ. ಎಲ್ಲ ಅಲಾರಂ ಒಂದೇ ತೂಕದ್ದಲ್ಲ. ಕೆಲವು ಬರೀ ಎಚ್ಚರಿಕೆ: ಮಷಿನ್ ಓಡುತ್ತಲೇ ಇರುತ್ತದೆ, ನೀವು ಬಂದು ನೋಡಿ ಅಂತ ಕರೆಯುತ್ತದೆ. ಕೆಲವು ಮಷಿನ್ ನಿಲ್ಲಿಸಿ, ಕಾರಣ ಸರಿಯಾದ ಕೂಡಲೇ ತಾವಾಗಿ ಮತ್ತೆ ಹೊರಡಿಸುತ್ತವೆ. ಇನ್ನು ಕೆಲವು ಮಷಿನ್ ಪೂರ್ತಿ ಬೀಗ ಹಾಕಿ ಕೂರುತ್ತವೆ. ಮನುಷ್ಯ ಬಂದು ರಿಸೆಟ್ ಒತ್ತಬೇಕು. ಈ ಮೂರನೇ ಜಾತಿಯದನ್ನು ಯಾಕೆ ಹಾಗೆ ಮಾಡಿದ್ದಾರೆ ಗೊತ್ತಾ? ಬಟನ್ ಒತ್ತುವ ಮೊದಲು ಒಬ್ಬ ಮನುಷ್ಯ ಅಲ್ಲಿ ನಿಂತು ಕಣ್ಣಿಂದ ನೋಡಲಿ ಅಂತ. ನಮ್ಮವರು ನೋಡುವುದು ಬಿಟ್ಟು ಬಟನ್ ಮಾತ್ರ ಒತ್ತುತ್ತಾರೆ.

ಮೊದಲ ಐದು ನಿಮಿಷ

ಬಜರ್ ಬಂದ್ ಮಾಡುವ ಮೊದಲು ಡಿಸ್‌ಪ್ಲೇಯ ಫೋಟೋ ತೆಗೆಯಿರಿ. ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಬಟನ್ ಒತ್ತಿದ ಕೂಡಲೇ ಕೋಡ್ ಮಾಯವಾಗುತ್ತದೆ, ಆಮೇಲೆ "ಏನೋ ಎರಡಕ್ಷರ ಬರ್ತಿತ್ತು" ಅನ್ನುವುದೊಂದೇ ಉಳಿಯುತ್ತದೆ. ಫೋಟೋದಲ್ಲಿ ಸಮಯವೂ ದಾಖಲಾಗುತ್ತದೆ, ಅದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಆಮೇಲೆ ಬಜರ್ ನಿಲ್ಲಿಸಿ. ಕಿವಿ ಖಾಲಿಯಾದರೆ ಮಷಿನ್ ಸದ್ದು ಕೇಳುತ್ತದೆ. ಮೂರು ಸದ್ದು ಹುಡುಕಿ: ಹೊರಗಿನ ಕಂಡೆನ್ಸರ್ ಫ್ಯಾನ್, ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್, ಒಳಗಿನ ಕಾಯಿಲ್ ಫ್ಯಾನ್. ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅಂತ ಬರೆದುಕೊಳ್ಳಿ. ಇಷ್ಟು ಹೇಳಿದರೆ ಫೋನ್‌ನಲ್ಲೇ ಅರ್ಧ ರೋಗ ಗೊತ್ತಾಗುತ್ತದೆ.

ನಂತರ ರೂಮಿನೊಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಪ್ಯಾನೆಲ್ ಹೇಳಿದ್ದನ್ನು ಪ್ಯಾನೆಲ್ಲನ್ನೇ ಕೇಳಿ ಪರೀಕ್ಷೆ ಮಾಡಲು ಆಗುವುದಿಲ್ಲ. ಮೀನಿನ ಪೆಟ್ಟಿಗೆ ಇದ್ದರೆ ಎರಡು ಪೆಟ್ಟಿಗೆ ನಡುವೆ ಕಡ್ಡಿ ಥರ್ಮಾಮೀಟರ್ ತುರುಕಿ ಐದು ನಿಮಿಷ ಬಿಡಿ. ಗಾಳಿ ಮೈನಸ್ 8 ತೋರಿಸುವಾಗಲೂ ಪೆಟ್ಟಿಗೆ ನಡುವೆ ಮೈನಸ್ 17 ಇರಬಹುದು. ಹಾಗಿದ್ದರೆ ನಿಮಗೆ ಯೋಚಿಸಲು ಸಮಯ ಇದೆ. ಮತ್ತೆ ಬಾಗಿಲು ಮುಚ್ಚಿ. ಗಡಿಬಿಡಿಯಲ್ಲಿ ಹತ್ತು ಸಲ ಬಾಗಿಲು ತೆಗೆದು ಇಣುಕುವವರೇ ಜಾಸ್ತಿ.

ಡಿಸ್‌ಪ್ಲೇ ಮೇಲಿನ ಎರಡಕ್ಷರ

ನಮ್ಮ ಕಡೆಯ ಚಿಕ್ಕ ಕೋಲ್ಡ್ ರೂಮ್‌ಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆಯತಾಕಾರದ ಕಂಟ್ರೋಲರ್ ಇರುತ್ತದೆ. ಡಿಕ್ಸೆಲ್ ಕಂಪನಿಯದಾದರೆ "ಪಿ1" ಅಂದರೆ ರೂಮಿನ ಪ್ರೋಬ್ (ತಾಪ ಅಳೆಯುವ ಸೆನ್ಸರ್) ಕೆಟ್ಟಿದೆ, "ಪಿ2" ಅಂದರೆ ಕಾಯಿಲ್ ಪ್ರೋಬ್. "ಎಚ್‌ಎ" ಅಂದರೆ ತಾಪ ಜಾಸ್ತಿ, "ಎಲ್‌ಎ" ಅಂದರೆ ತಾಪ ಕಮ್ಮಿ, "ಡಿಎ" ಅಂದರೆ ಬಾಗಿಲು ತೆರೆದಿದೆ. "ಇಎ" ಮತ್ತು "ಸಿಎ" ಹೊರಗಿನಿಂದ ಬಂದ ಸುದ್ದಿ. ಪ್ರೆಶರ್ ಸ್ವಿಚ್ಚನ್ನೋ ಓವರ್‌ಲೋಡ್ ರಿಲೇಯನ್ನೋ (ಮೋಟರ್ ಮೇಲೆ ಹೊರೆ ಜಾಸ್ತಿಯಾದರೆ ಕರೆಂಟ್ ಕಡಿಯುವುದು) ಅದಕ್ಕೆ ಜೋಡಿಸಿರುತ್ತಾರೆ. ಎರಡರಲ್ಲಿ ಸಿಎ ಗಂಭೀರದ್ದು. ನಿಮ್ಮ ಪ್ಯಾನೆಲ್‌ನಲ್ಲಿ ಯಾವುದನ್ನು ಜೋಡಿಸಿದ್ದಾರೆ ಅಂತ ಇನ್‌ಸ್ಟಾಲ್ ಮಾಡಿದವರನ್ನು ಇವತ್ತೇ ಕೇಳಿ, ಪ್ಯಾನೆಲ್ ಬಾಗಿಲಿನ ಒಳಗೆ ಬರೆದು ಅಂಟಿಸಿ. ಎಲಿವೆಲ್ ಕಂಟ್ರೋಲರ್ ಆದರೆ ಇದೇ ಸಂಗತಿಗೆ "ಇ1", "ಎಎಚ್1", "ಎಎಲ್1" ಅಂತ ಬರುತ್ತದೆ. ಬೇರೆ ಕಂಪನಿಯದಾದರೆ ಮ್ಯಾನುವಲ್‌ನ ಆ ಒಂದು ಪುಟದ ಝೆರಾಕ್ಸ್ ಸಾಕು.

ತಾಪ ಜಾಸ್ತಿ: ಹತ್ತರಲ್ಲಿ ಎಂಟು ಸಲ ಇದೇ

ಮೊದಲು ಗಡಿಯಾರ ನೋಡಿ. ಕೂಗಿದ ಸಮಯಕ್ಕೆ ಡಿಫ್ರಾಸ್ಟ್ ನಡೆಯುತ್ತಿತ್ತಾ? ಕಾಯಿಲ್ ಮೇಲಿನ ಹಿಮ ಕರಗಿಸಲು ದಿನಕ್ಕೆ ಮೂರು ನಾಲ್ಕು ಸಲ ಹೀಟರ್ ಹತ್ತುತ್ತದೆ. ಆ ಇಪ್ಪತ್ತು ಮೂವತ್ತು ನಿಮಿಷ ಪ್ರೋಬ್ ಸುತ್ತ ಗಾಳಿ ಬಿಸಿಯಾಗುವುದು ಸಹಜ. ಪ್ರತಿ ಸಲ ಅದೇ ಹೊತ್ತಿಗೆ, ಉದಾಹರಣೆಗೆ ಆರು ತಾಸಿಗೊಮ್ಮೆ ಕೂಗುತ್ತಿದ್ದರೆ ರೋಗ ಮಷಿನ್‌ಗಲ್ಲ, ಸೆಟ್ಟಿಂಗ್‌ಗೆ. ಡಿಫ್ರಾಸ್ಟ್ ಮುಗಿದ ಮೇಲೆ ಅಲಾರಂ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವ ಸೆಟ್ಟಿಂಗ್ ಬೇರೆ ಇರುತ್ತದೆ. ಅದನ್ನು ಒಂದು ತಾಸಿಗೆ ಇಡಿಸಿ. ಹತ್ತಿ ತುರುಕುವ ಕೆಲಸ ಅರ್ಧ ತಪ್ಪುತ್ತದೆ.

ಎರಡನೆಯದು ಮಾಲು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಬೋಟ್ ಹೋಗಿ ಬಂದ ಕೂಡಲೇ ಬೈತಖೋಲ ಬಂದರಿನಿಂದ ತದಡಿ ಬಂದರಿನ ತನಕ ಎಲ್ಲ ರೂಮ್‌ಗಳೂ ಒಟ್ಟಿಗೆ ಕೂಗಲು ಶುರು. ಎರಡು ತಿಂಗಳು ಅರೆಖಾಲಿ ಇದ್ದ ರೂಮಿಗೆ ಒಂದೇ ಸಲ ಬಿಸಿ ಮಾಲು ತುಂಬಿದರೆ ಇನ್ನೇನಾಗುತ್ತದೆ? ಕೋಲ್ಡ್ ರೂಮ್ ಇರುವುದು ತಣ್ಣಗಿದ್ದದ್ದನ್ನು ತಣ್ಣಗೇ ಇಡಲು. ಬಿಸಿ ಇದ್ದದ್ದನ್ನು ಹೆಪ್ಪುಗಟ್ಟಿಸಲು ಬ್ಲಾಸ್ಟ್ ಫ್ರೀಜರ್ ಬೇರೆ ಇದೆ. ಅದಿಲ್ಲದವರು ಮೊದಲು ಐಸ್‌ನಲ್ಲಿ ಚೆನ್ನಾಗಿ ತಣಿಸಿ, ದಿನಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪವೇ ಒಳಗಿಡಿ. ಪೆಟ್ಟಿಗೆಯನ್ನು ಕಾಯಿಲ್ ಫ್ಯಾನಿನ ಬಾಯಿಗೆ ಒತ್ತಿ ಇಡಬೇಡಿ. ಗೋಡೆಗೆ ಒಂದು ಗೇಣು ಜಾಗ ಬಿಡಿ, ಕೆಳಗೆ ಪ್ಯಾಲೆಟ್ ಹಾಕಿ.

ಇನ್ನು ಬಾಗಿಲು. ಮಳೆಗಾಲದ ನಮ್ಮ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ ಅನ್ನಬೇಕು, ಅಷ್ಟು ತೇವ. ಬಾಗಿಲು ತೆರೆದಾಗಲೆಲ್ಲ ಆ ತೇವ ಒಳಗೆ ಹೋಗಿ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಬಾಗಿಲ ಸಂದಿಗೆ ಇಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬದಿ ಹೀಗೇ ನೋಡಿ. ಕೆಳಗಿನ ಮೂಲೆಯೇ ಮೊದಲು ಹೋಗುವುದು, ಟ್ರಾಲಿ ತಾಗಿ.

ಈಗ ಕಾಯಿಲ್ ಹತ್ತಿರ ಟಾರ್ಚ್ ಹಿಡಿಯಿರಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಹಿಮ ಕೂತ ರೀತಿಯೇ ಕಥೆ ಹೇಳುತ್ತದೆ. ಇಡೀ ಕಾಯಿಲ್ ಮೇಲೆ ತೆಳ್ಳಗೆ, ಸಮನಾಗಿ, ಸಕ್ಕರೆ ಉದುರಿಸಿದ ಹಾಗಿದ್ದರೆ ಅದು ಆರೋಗ್ಯ. ಫಿನ್ (ಪೈಪ್‌ಗೆ ಅಂಟಿದ ತೆಳು ತಗಡು) ನಡುವಿನ ಸಂದಿಯೇ ಕಾಣದಷ್ಟು ದಪ್ಪ, ಸುಣ್ಣ ಮೆತ್ತಿದ ಹಾಗೆ ಇಡೀ ಕಾಯಿಲ್ ಮುಚ್ಚಿದ್ದರೆ ಡಿಫ್ರಾಸ್ಟ್ ಸರಿಯಾಗಿ ಆಗುತ್ತಿಲ್ಲ. ಹೀಟರ್ ಸುಟ್ಟಿರಬೇಕು, ಇಲ್ಲ ಬಾಗಿಲಿಂದ ತೇವ ಜಾಸ್ತಿ ಬರುತ್ತಿರಬೇಕು. ಗ್ಯಾಸ್ ಒಳಗೆ ಬರುವ ಕಡೆಯ ಎರಡು ಮೂರು ಪೈಪ್‌ಗೆ ಮಾತ್ರ ಹಿಮ ಕೂತು, ಉಳಿದ ಕಾಯಿಲ್ ಒಣಗಿದ್ದರೆ ಗ್ಯಾಸ್ ಕಮ್ಮಿ ಇರುವ ಅನುಮಾನ. ಈ ಮೂರರಲ್ಲಿ ಯಾವುದು ಅಂತ ಫೋಟೋ ಕಳಿಸಿದರೆ ಮೆಕ್ಯಾನಿಕ್ ಸಿಲಿಂಡರ್ ತರಬೇಕೋ ಹೀಟರ್ ತರಬೇಕೋ ಅಂತ ಮನೆಯಲ್ಲೇ ತೀರ್ಮಾನಿಸಬಹುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವವನಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ನಿಮಗೆ ಗೊತ್ತಿಲ್ಲ!

ಹಿಮ ದಪ್ಪ ಕಟ್ಟಿದ್ದರೆ ಸ್ಕ್ರೂಡ್ರೈವರ್‌ನಿಂದ ಕೆತ್ತಬೇಡಿ. ಪೈಪ್ ತೂತಾದರೆ ಪೂರ್ತಿ ಗ್ಯಾಸ್ ಹೋಗುತ್ತದೆ. ಕಂಟ್ರೋಲರ್‌ನಲ್ಲಿ ಡಿಫ್ರಾಸ್ಟ್ ಬಟನ್ ಒತ್ತಿ ಹಿಡಿದು ಕೈಯಾರೆ ಶುರು ಮಾಡಿ. ಹೀಟರ್ ಕೆಟ್ಟಿದ್ದರೆ ಮಷಿನ್ ಮತ್ತು ಹೀಟರ್ ಎರಡರ ಕರೆಂಟ್ ತೆಗೆದು ತಣ್ಣೀರು ಬಿಡಿ. ಡ್ರೈನ್ ಪೈಪ್ ಕಟ್ಟಿಲ್ಲ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ನೆಲ ಗಾಜಿನಂತಾಗುತ್ತದೆ.

ತಾಪ ಕಮ್ಮಿ ಆದರೂ ನಷ್ಟವೇ

ತಣ್ಣಗಾದರೆ ಒಳ್ಳೆಯದೇ ಅಲ್ವಾ ಅಂತ ಎಲ್‌ಎ ಅಲಾರಂ ಬಂದರೆ ಜನ ನಗುತ್ತಾರೆ. ಫ್ರೋಜನ್ ರೂಮ್‌ಗೆ ಪರವಾಗಿಲ್ಲ. ಆದರೆ 2 ಡಿಗ್ರಿಯಲ್ಲಿ ಇರಬೇಕಾದ ತಾಜಾ ಮೀನು, ತರಕಾರಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಆಸ್ಪತ್ರೆಯ ಲಸಿಕೆ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಹೆಪಟೈಟಿಸ್ ಬಿ ತರಹದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ. ಕಾರಣ ಬಹಳ ಸಲ ಒಂದೇ: ಕಾಂಟ್ಯಾಕ್ಟರ್ (ಕಂಪ್ರೆಸರ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಪಾಯಿಂಟ್ ಅಂಟಿಕೊಂಡು ಕಂಪ್ರೆಸರ್ ನಿಲ್ಲುತ್ತಲೇ ಇಲ್ಲ. ಕಂಟ್ರೋಲರ್‌ನಲ್ಲಿ ಕಂಪ್ರೆಸರ್ ಲೈಟ್ ಆರಿದೆ, ಮಷಿನ್ ಮಾತ್ರ ಓಡುತ್ತಿದೆ ಅಂದರೆ ಅದೇ. ಮೇನ್ ಸ್ವಿಚ್ ತೆಗೆದು ಎಲೆಕ್ಟ್ರಿಷಿಯನ್‌ಗೆ ಹೇಳಿ.

ಪ್ರೋಬ್ ಸುಳ್ಳು ಹೇಳುತ್ತಿದ್ದರೆ

ಬೇರೆ ಥರ್ಮಾಮೀಟರ್ ಮೈನಸ್ 19, ಪ್ಯಾನೆಲ್ ಮೈನಸ್ 11. ಯಾರನ್ನು ನಂಬುವುದು? ಸ್ಟೀಲ್ ಲೋಟದ ತುಂಬ ಪುಡಿ ಐಸ್ ಹಾಕಿ, ಸಂದಿ ತುಂಬುವಷ್ಟು ಮಾತ್ರ ನೀರು ಹೊಯ್ದು ಕಲಸಿ. ಉಪ್ಪು ತಾಗಿದ ಐಸ್ ಬೇಡ, ಮೀನಿನ ಬುಟ್ಟಿಯಲ್ಲಿದ್ದದ್ದಂತೂ ಬೇಡವೇ ಬೇಡ. ಎರಡನ್ನೂ ಅದರಲ್ಲಿ ಅದ್ದಿ ಐದು ನಿಮಿಷ ಕಾಯಿರಿ. ಸರಿಯಿದ್ದದ್ದು ಸೊನ್ನೆ ತೋರಿಸಬೇಕು, ಅರ್ಧ ಡಿಗ್ರಿ ಆಚೀಚೆ ನಡೆಯುತ್ತದೆ.

ಮಲ್ಟಿಮೀಟರ್ ಇರುವವರಿಗೆ ಇನ್ನೊಂದು ದಾರಿ. ಈಗಿನ ಬಹಳಷ್ಟು ಪ್ರೋಬ್‌ಗಳು ಎನ್‌ಟಿಸಿ ಜಾತಿಯವು, 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುತ್ತವೆ. ಐಸ್ ಲೋಟದಲ್ಲಿ 27ರಿಂದ 33 ಕಿಲೋ ಓಮ್ ಒಳಗೆ ಬರಬೇಕು. ತಣ್ಣಗಾದಷ್ಟೂ ಓಮ್ ಏರುತ್ತದೆ. ಹಾಗಾಗಿ ಕೇಬಲ್ ಜಾಯಿಂಟ್‌ಗೆ ತೇವ ಹೋದರೆ ಓಮ್ ಇಳಿದು ರೂಮ್ ಬಿಸಿಯಾದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಸುಳ್ಳು ಎಚ್‌ಎ ಅಲಾರಂ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಟೇಪ್ ಸುತ್ತಿದ ಜಾಯಿಂಟ್ ಕಿತ್ತು ಹಾಕಿ, ಉದ್ದ ಕೇಬಲ್ ಇರುವ ಹೊಸ ಪ್ರೋಬ್ ಹಾಕಿಸಿ. ಕೆಲವು ಕಂಟ್ರೋಲರ್ ಪ್ರೋಬ್ ಪೂರ್ತಿ ಸತ್ತರೂ ಇಷ್ಟು ನಿಮಿಷ ಓಡು, ಇಷ್ಟು ನಿಮಿಷ ನಿಲ್ಲು ಅಂತ ಕಂಪ್ರೆಸರ್ ನಡೆಸುತ್ತವೆ. ಅಂಥ ಹೊತ್ತಿನಲ್ಲಿ ತಾಸಿಗೊಮ್ಮೆ ಕೈಯಲ್ಲಿ ಥರ್ಮಾಮೀಟರ್ ಹಿಡಿದು ನೋಡುವುದೇ ಗತಿ.

ಕೆಂಪು ಬಟನ್: ಹೈ ಪ್ರೆಶರ್

ಆ ರಾತ್ರಿಯ ಟಾರ್ಪಾಲು ಕಥೆ ಇದೇ. ಹೊರಗಿನ ಕಂಡೆನ್ಸರ್ ಬಿಸಿ ಬಿಡಲು ಆಗದಿದ್ದರೆ ಗ್ಯಾಸ್ ಒತ್ತಡ ಏರುತ್ತದೆ. ಆರ್-404ಎ ಗ್ಯಾಸ್ ಇರುವ ಮಷಿನ್‌ನಲ್ಲಿ 45 ಡಿಗ್ರಿಗೆ ಸುಮಾರು 280 ಪಿಎಸ್‌ಐ ಇರುತ್ತದೆ. 400ರ ಹತ್ತಿರ ಹೋದಾಗ ಸ್ವಿಚ್ ಕಡಿಯುವ ಹಾಗೆ ಸಾಮಾನ್ಯವಾಗಿ ಇಟ್ಟಿರುತ್ತಾರೆ.

ನೀವು ನೋಡಬೇಕಾದದ್ದು ಎರಡೇ. ಫ್ಯಾನ್ ತಿರುಗುತ್ತಿದೆಯಾ? ಫಿನ್ ನಡುವೆ ಗಾಳಿ ಹೋಗುತ್ತಿದೆಯಾ? ಕಾರವಾರದಲ್ಲಿ ಕಡಲ ಗಾಳಿಯ ಉಪ್ಪು ಫಿನ್ ಮೇಲೆ ಕೂತು ತೇವ ಹಿಡಿದುಕೊಳ್ಳುತ್ತದೆ. ತಾಮ್ರದ ಪೈಪ್‌ಗೆ ತಾಗಿದ ಅಲ್ಯೂಮಿನಿಯಂ ಫಿನ್ ನಿಧಾನಕ್ಕೆ ಬಿಳಿ ಪುಡಿಯಾಗುತ್ತದೆ. ಬೆರಳಿನಿಂದ ಸವರಿದರೆ ಹಪ್ಪಳದ ಹಾಗೆ ಮುರಿದು ಬರುತ್ತದೆ. ಅಷ್ಟಾದ ಮೇಲೆ ತೊಳೆದು ಪ್ರಯೋಜನವಿಲ್ಲ, ಕಂಡೆನ್ಸರ್ ಬದಲಿಸಬೇಕು. ಹೊಸದು ತರುವಾಗ ಕೋಟಿಂಗ್ ಇರುವ ಫಿನ್ ಕೇಳಿ ಪಡೆಯಿರಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಸಮುದ್ರ ಕಾಣುವ ಜಾಗದಲ್ಲಿ ಕೋಟಿಂಗ್ ಇಲ್ಲದ್ದನ್ನು ಹಾಕಿಸುವುದು ನನ್ನ ಪ್ರಕಾರ ದಡ್ಡತನ.

ಅಷ್ಟು ದೂರ ಹೋಗಬಾರದು ಅಂದರೆ ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಉಪ್ಪು ನೀರಿನ ಬಾವಿ ಇರುವವರು ಇದಕ್ಕೆ ಆ ನೀರು ಬಳಸಬೇಡಿ. ಮೇನ್ ತೆಗೆಯಿರಿ. ಸಾಧ್ಯವಾದರೆ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ, ಒಳಗಿನಿಂದ ಹೊರಗೆ ನೀರು ಬಿಡಿ. ತೋಟದ ಪೈಪ್ ಸಾಕು. ಬೈಕ್ ತೊಳೆಯುವ ಪ್ರೆಶರ್ ಗನ್ ಹಿಡಿದರೆ ಫಿನ್ ಮಡಚಿ ಮಲಗುತ್ತದೆ. ಮಳೆಗೆ ರಕ್ಷಣೆ ಬೇಕೇ ಬೇಕೆಂದರೆ ಮೇಲೆ ಎತ್ತರಕ್ಕೆ ಒಂದು ಶೀಟ್ ಹಾಕಿಸಿ, ನಾಲ್ಕೂ ಬದಿ ತೆರೆದಿರಲಿ. ಅಸಲಿಗೆ ಹೊರಗಿಡುವ ಕಂಡೆನ್ಸರ್ ಮಳೆಗೆ ಹೆದರುವುದಿಲ್ಲ.

ರಿಸೆಟ್ ವಿಷಯದಲ್ಲಿ ನನ್ನದು ಒಂದೇ ನಿಯಮ: ಕಾರಣ ಸಿಕ್ಕಿ ಸರಿಮಾಡಿದ ಮೇಲೆ ಒಂದು ಸಲ ಒತ್ತಬಹುದು. ಮತ್ತೆ ಬಿದ್ದರೆ ಕೈ ಹಿಂದೆ ಕಟ್ಟಿಕೊಳ್ಳಿ. ಏಳೆಂಟು ಸಲ ಒತ್ತಿ ಕಂಪ್ರೆಸರ್ ಸುಟ್ಟವರನ್ನು ನೋಡಿದ್ದೇನೆ. ಸ್ವಿಚ್ ವೈರ್ ಶಾರ್ಟ್ ಮಾಡಿ "ಸದ್ಯಕ್ಕೆ ಓಡಲಿ" ಅನ್ನುವವರನ್ನೂ ನೋಡಿದ್ದೇನೆ. ಅದು ಕುಕ್ಕರ್‌ನ ಸೇಫ್ಟಿ ವಾಲ್ವ್‌ಗೆ ಮೊಳೆ ಹೊಡೆದ ಹಾಗೆ.

ಲೋ ಪ್ರೆಶರ್

ಗ್ಯಾಸ್ ಕಮ್ಮಿ ಅಂತ ಎಲ್ಲರೂ ಮೊದಲು ಅಂದುಕೊಳ್ಳುವುದು ಇಲ್ಲಿ. ಆದರೆ ಒಳಗಿನ ಫ್ಯಾನ್ ನಿಂತರೂ, ಕಾಯಿಲ್ ಹಿಮದಿಂದ ಮುಚ್ಚಿದರೂ, ಡ್ರೈಯರ್ (ಗ್ಯಾಸ್ ಲೈನಿನ ತೇವ, ಕಸ ಹಿಡಿಯುವ ಫಿಲ್ಟರ್) ಕಟ್ಟಿದರೂ, ಸೊಲೆನಾಯ್ಡ್ (ಕರೆಂಟ್‌ನಿಂದ ತೆರೆಯುವ ವಾಲ್ವ್) ತೆರೆಯದಿದ್ದರೂ ಒತ್ತಡ ಇಳಿಯುತ್ತದೆ. ಡ್ರೈಯರ್‌ನ ಎರಡೂ ಬದಿ ಪೈಪ್ ಮುಟ್ಟಿ. ಒಂದು ಬದಿ ಉಗುರುಬೆಚ್ಚಗೆ, ಇನ್ನೊಂದು ಬದಿ ತಣ್ಣಗೆ ಬೆವರಿದ್ದರೆ ಅದು ಕಟ್ಟಿದೆ. ಜಾಯಿಂಟ್ ಹತ್ತಿರ ಎಣ್ಣೆ ಜಿಡ್ಡು ಇದ್ದರೆ ಅಲ್ಲಿಂದಲೇ ಸೋರುತ್ತಿದೆ. "ವರ್ಷಕ್ಕೊಮ್ಮೆ ಗ್ಯಾಸ್ ಟಾಪಪ್" ಅನ್ನುವವರನ್ನು ನಂಬಬೇಡಿ. ಗ್ಯಾಸ್ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ತೂತು ಇದೆ, ಮೊದಲು ತೂತು ಮುಚ್ಚಿಸಿ.

ಕರೆಂಟ್ ಅಲಾರಂ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾಗಿ, ಮತ್ತೆ ಜೋಡಿಸಿದ ಮೇಲೆ ಕೋಲ್ಡ್ ರೂಮ್ ಹೊರಡುವುದಿಲ್ಲ. ಮನೆಯಲ್ಲಿ ಲೈಟ್ ಇದೆ, ಫ್ಯಾನ್ ಇದೆ, ಮಷಿನ್ ಮಾತ್ರ ಇಲ್ಲ. ಪ್ಯಾನೆಲ್ ಒಳಗಿನ ಫೇಸ್ ರಿಲೇಯಲ್ಲಿ ಕೆಂಪು ದೀಪ. ಮೂರು ಫೇಸ್‌ನ ಸರದಿ ತಿರುಗಿರಬಹುದು. ಸ್ಕ್ರಾಲ್ ಕಂಪ್ರೆಸರ್ ಹಿಂದಕ್ಕೆ ತಿರುಗಿದರೆ ಗಡಗಡ ಸದ್ದು ಮಾಡುತ್ತದೆ, ತಂಪು ಮಾಡುವುದಿಲ್ಲ, ಬಿಸಿಯಾಗಿ ಹಾಳಾಗುತ್ತದೆ. ಆ ರಿಲೇ ಅದನ್ನೇ ತಡೆದಿದೆ. ಅದನ್ನು ಬೈಪಾಸ್ ಮಾಡಬೇಡಿ. ಎಲೆಕ್ಟ್ರಿಷಿಯನ್ ಬಂದು ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು.

ವೋಲ್ಟೇಜ್ ಅಳೆಯುವುದು ಗೊತ್ತಿದ್ದರೆ ಮೂರೂ ಜೋಡಿ ಅಳೆಯಿಸಿ. ಉದಾಹರಣೆಗೆ 410, 415, 395 ಬಂತು ಅನ್ನಿ. ಸರಾಸರಿ 406.7. ಅತಿ ದೂರ ಇರುವುದು 395, ವ್ಯತ್ಯಾಸ 11.7. ಸರಾಸರಿಯಿಂದ ಭಾಗಿಸಿದರೆ ಶೇಕಡಾ 2.9. ಶೇಕಡಾ 2 ದಾಟಿದರೆ ಮೋಟರ್‌ಗೆ ಒಳ್ಳೆಯದಲ್ಲ, ಓವರ್‌ಲೋಡ್ ರಿಲೇ ಪದೇ ಪದೇ ಬೀಳುವುದು ಇದಕ್ಕೇ ಇರಬಹುದು. ಎಷ್ಟೋ ಸಲ ಕಾರಣ ನಿಮ್ಮದೇ ಪ್ಯಾನೆಲ್‌ನ ಹಸಿರುಗಟ್ಟಿದ ಟರ್ಮಿನಲ್. ಉಪ್ಪು ಗಾಳಿ ಅಲ್ಲಿಯೂ ಬಿಡುವುದಿಲ್ಲ. ಕಾಂಟ್ಯಾಕ್ಟರ್ ಒಳಗೆ ಇರುವೆ, ಹಲ್ಲಿ ಸಿಕ್ಕಿ ಸತ್ತದ್ದನ್ನಂತೂ ಲೆಕ್ಕ ಇಟ್ಟಿಲ್ಲ. ಕೇಬಲ್ ಒಳಬರುವ ತೂತುಗಳನ್ನು ಗ್ಲ್ಯಾಂಡ್ ಹಾಕಿಸಿ ಮುಚ್ಚಿ.

ಕರೆಂಟ್ ಬಂದ ಕೂಡಲೇ ಕಂಪ್ರೆಸರ್ ಹೊರಡದಿದ್ದರೆ ಗಾಬರಿ ಬೇಡ. ಮೂರು ನಿಮಿಷದ ತಡೆ ಇರುತ್ತದೆ, ಅದು ರೋಗವಲ್ಲ.

ಏಸಿ, ಅಣಬೆ ಮನೆ

ಸ್ಪ್ಲಿಟ್ ಏಸಿಯಲ್ಲಿ ಕೋಡ್ ಬಂದರೆ ಬರೆದುಕೊಂಡು, ಎಂಸಿಬಿ ಐದು ನಿಮಿಷ ಆಫ್ ಮಾಡಿ ಹಾಕಿ. ಮತ್ತೆ ಬಂದರೆ ನಿಜವಾದ ದೋಷ. ಡೈಕಿನ್‌ನಲ್ಲಿ "ಯು4", ಎಲ್‌ಜಿಯಲ್ಲಿ "ಸಿಎಚ್05" ಎರಡೂ ಒಳಗಿನ ಮತ್ತು ಹೊರಗಿನ ಘಟಕ ಮಾತಾಡುತ್ತಿಲ್ಲ ಅನ್ನುತ್ತವೆ. ನಮ್ಮ ಕಡೆ ಮೊದಲ ಅನುಮಾನ ಇಲಿ ಕಡಿದ ವೈರ್ ಮೇಲೆ, ಎರಡನೇದು ಸಿಡಿಲಿನ ಮೇಲೆ. ಡೈಕಿನ್ "ಎ3" ಡ್ರೈನ್ ನೀರು ತುಂಬಿದ್ದು. ಪೈಪ್‌ನಲ್ಲಿ ಪಾಚಿ ಕಟ್ಟಿರುತ್ತದೆ, ಹೊರತುದಿಯಿಂದ ಎಳೆದು ತೆಗೆಯಿರಿ.

ಶಿರಸಿ ಕಡೆಯ ಒಂದು ಅಣಬೆ ಮನೆಯಿಂದ ವಾರಕ್ಕೆ ಮೂರು ಸಲ ಫೋನ್ ಬರುತ್ತಿತ್ತು. "ತಮಾ, ಇದು ಮತ್ತೆ ಕೂಗ್ತಾ ಇದ್ದು." ತೇವಾಂಶ 80ರಿಂದ 90ರ ಒಳಗೆ ಇರಬೇಕಾದ ಜಾಗದಲ್ಲಿ 99 ಅಂತ ನಿಂತುಬಿಟ್ಟಿತ್ತು. ಫಾಗರ್ (ಮಂಜಿನಂತೆ ನೀರು ಚಿಮುಕಿಸುವುದು) ಬಂದ್ ಮಾಡಿದರೂ ಇಳಿಯುತ್ತಿರಲಿಲ್ಲ. ನೋಡಿದರೆ ಸೆನ್ಸರ್ ಫಾಗರ್‌ನ ನೇರ ಕೆಳಗೆ ಇದೆ, ತುದಿಯ ಜಾಳಿಗೆಯಲ್ಲಿ ನೀರ ಹನಿ. ಒದ್ದೆಯಾದ ಸೆನ್ಸರ್ ತನ್ನ ತೇವವನ್ನೇ ಅಳೆಯುತ್ತಿತ್ತು. ಒಣಗಿಸಿ, ಅಣಬೆ ಚೀಲದ ಎತ್ತರಕ್ಕೆ, ಫಾಗರ್‌ನಿಂದ ದೂರ ಕಟ್ಟಿದೆವು. ಫೋನ್ ಬರುವುದು ನಿಂತಿತು.

ಮನುಷ್ಯರ ಜೀವದ ಅಲಾರಂ ಎರಡು

ಇವೆರಡಕ್ಕೆ ಫೋಟೋ, ಥರ್ಮಾಮೀಟರ್ ಯಾವುದೂ ಇಲ್ಲ. ಒಂದು, ರೂಮಿನೊಳಗೆ ಸಿಕ್ಕಿಬಿದ್ದವರು ಒತ್ತುವ ಬಟನ್. ಸದ್ದು ಕೇಳಿದ ಕೂಡಲೇ ಓಡಿ ಬಾಗಿಲು ತೆರೆಯಿರಿ, ಸುಳ್ಳೋ ನಿಜವೋ ಆಮೇಲೆ ನೋಡಿದರಾಯಿತು. ಈ ಬೆಲ್ ಉಳಿದ ಅಲಾರಂಗಳ ಸದ್ದಿಗಿಂತ ಬೇರೆಯಾಗಿರಬೇಕು, ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯಬೇಕು, ಬಟನ್ ಕತ್ತಲೆಯಲ್ಲೂ ಕಾಣಬೇಕು. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಹಿಮಗಟ್ಟಿ ಗಟ್ಟಿಯಾಗಿದೆಯಾ ಅಂತಲೂ ನೋಡಿ. ಬಹಳ ಕಡೆ ಪೆಟ್ಟಿಗೆ ರಾಶಿಯ ಹಿಂದೆ ಬಟನ್ ಮುಚ್ಚಿಹೋಗಿರುತ್ತದೆ.

ಇನ್ನೊಂದು ಐಸ್ ಫ್ಯಾಕ್ಟರಿಯ ಅಮೋನಿಯಾ. ಡಿಟೆಕ್ಟರ್‌ಗಳನ್ನು ಸಾಮಾನ್ಯವಾಗಿ 25 ಪಿಪಿಎಂಗೆ ಕೂಗಲು ಇಡುತ್ತಾರೆ. 300 ಪಿಪಿಎಂ ಅಂದರೆ ಜೀವಕ್ಕೇ ಅಪಾಯ. ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಹೋಗಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಗ್ಯಾಸ್‌ಗೆ ಅಡ್ಡಲಾಗಿ ಹೊರಬಿದ್ದು ಗಾಳಿ ಬರುವ ಕಡೆಗೆ ಹೋಗಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಹೊರಬರುವಷ್ಟು ಹೊತ್ತು ಸ್ವಲ್ಪ ಸಹಾಯ. ಕಣ್ಣಿಗೆ ತಾಗಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಹಾಕಿ ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆ. 112ಕ್ಕೆ ಫೋನ್ ಮಾಡಿ. ನೆಲದ ಮೇಲೆ ದ್ರವವಾಗಿ ನಿಂತ ಅಮೋನಿಯಾಕ್ಕೆ ನೀರು ಹೊಯ್ಯಬೇಡಿ, ಇನ್ನೂ ಜಾಸ್ತಿ ಆವಿ ಏಳುತ್ತದೆ.

ಮಾಲು ಏನು ಮಾಡುವುದು?

ಮಷಿನ್ ಬೇಗ ಸರಿಯಾಗುವುದಿಲ್ಲ ಅಂತಾದರೆ ಬಾಗಿಲು ಮುಚ್ಚಿ, ಬೀಗ ಹಾಕಿ. ತುಂಬಿದ ರೂಮ್ ತಂಪು ಹಿಡಿದುಕೊಳ್ಳುತ್ತದೆ, ಅರೆಖಾಲಿ ರೂಮ್ ಬೇಗ ಬಿಸಿಯಾಗುತ್ತದೆ. ಪೆಟ್ಟಿಗೆ ನಡುವಿನ ತಾಪ ತಾಸಿಗೊಮ್ಮೆ ಬರೆದಿಡಿ. ಏರುವ ವೇಗ ನೋಡಿದರೆ ಬೇರೆ ರೂಮಿಗೆ ಸಾಗಿಸಲು ಎಷ್ಟು ಹೊತ್ತಿದೆ ಅಂತ ಗೊತ್ತಾಗುತ್ತದೆ.

ಬಂಗುಡೆ, ತಾರ್ಲೆ, ಟ್ಯೂನಾ ಇದ್ದರೆ ಜಾಸ್ತಿ ಎಚ್ಚರ. ಈ ಮೀನುಗಳು ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಹುಟ್ಟುತ್ತದೆ. ಮತ್ತೆ ಫ್ರೀಜ್ ಮಾಡಿದರೂ ಅದು ಹೋಗುವುದಿಲ್ಲ, ಸಾರು ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ. ವಾಸನೆಯಿಂದ ಕಂಡುಹಿಡಿಯಬಹುದು ಅಂತ ಭಾವಿಸಬೇಡಿ. ಕರಗಿ ಬಿಸಿಯಾಗಿ ಕೂತ ಬಂಗುಡೆಯನ್ನು ಮತ್ತೆ ಹೆಪ್ಪುಗಟ್ಟಿಸಿ ಮಾರುವುದು ಬೇಡ.

ಸೆಟ್ಟಿಂಗ್, ಪುಸ್ತಕ, ಪರೀಕ್ಷೆ

ಫ್ರೋಜನ್ ರೂಮ್‌ಗೆ ನಾನು ಇಡುವುದು ಹೀಗೆ: ಸೆಟ್ ಮೈನಸ್ 20, ವ್ಯತ್ಯಾಸ 2. ಅಂದರೆ ಮೈನಸ್ 18ಕ್ಕೆ ಹೊರಟು ಮೈನಸ್ 20ಕ್ಕೆ ನಿಲ್ಲುತ್ತದೆ. ಹೈ ಅಲಾರಂ ಮೈನಸ್ 14, ತಡ 30 ನಿಮಿಷ. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕೆಲವು ಕಂಟ್ರೋಲರ್‌ಗಳಲ್ಲಿ ಅಲಾರಂ ಮಿತಿಯನ್ನು ನೇರ ಡಿಗ್ರಿಯಲ್ಲೂ ಕೊಡಬಹುದು, ಸೆಟ್‌ನಿಂದ ಎಷ್ಟು ಮೇಲೆ ಅಂತಲೂ ಕೊಡಬಹುದು. ಎರಡನೇ ಬಗೆಯಲ್ಲಿ 6 ಅಂತ ಕೊಟ್ಟರೆ ಮೈನಸ್ 14. ಆದರೆ ಯಾರೋ ಸೆಟ್ಟನ್ನು ಮೈನಸ್ 10ಕ್ಕೆ ತಿರುಗಿಸಿದರೆ ಅಲಾರಂ ಕೂಡ ಹಿಂದೆಯೇ ಮೈನಸ್ 4ಕ್ಕೆ ಜಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೀನಿನ ರೂಮಿಗೆ ನೇರ ಡಿಗ್ರಿಯೇ ಇರಲಿ.

ಪ್ಯಾನೆಲ್ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್. ತಾರೀಖು, ಗಂಟೆ, ಕೋಡ್, ಏನು ನೋಡಿದಿರಿ, ಏನು ಮಾಡಿದಿರಿ. ದಾರ ಮುಖ್ಯ, ಇಲ್ಲದಿದ್ದರೆ ಪೆನ್ ಎರಡು ದಿನ ಉಳಿಯುವುದಿಲ್ಲ. ಒಂದೇ ಕೋಡ್ ತಿಂಗಳಲ್ಲಿ ನಾಲ್ಕು ಸಲ ಕಂಡರೆ ಹಬ್ಬಕ್ಕೆ ಮೊದಲೇ ಮೆಕ್ಯಾನಿಕ್ ಕರೆಯಿರಿ.

ಮೊಬೈಲ್‌ಗೆ ಮೆಸೇಜ್ ಕಳಿಸುವ ಅಲಾರಂ ಇದ್ದವರು ಅದರ ಸಿಮ್‌ಗೆ ರೀಚಾರ್ಜ್ ಇದೆಯಾ ನೋಡಿಕೊಳ್ಳಿ. ಜೋರು ಮಳೆಯಲ್ಲಿ ಕರೆಂಟ್ ಜೊತೆಗೆ ಟವರ್ ಕೂಡ ಹೋಗುವುದುಂಟು. ಹಾಗಾಗಿ ಹೊರಗೋಡೆಗೆ ಬ್ಯಾಟರಿ ಇರುವ ಒಂದು ಸೈರನ್ ಬೇಕೇ ಬೇಕು. ಅದು ಪಕ್ಕದ ಮನೆಯವರಿಗಾದರೂ ಕೇಳಿಸಬೇಕು.

ಪರೀಕ್ಷೆಗೆ ತಿಂಗಳ ಒಂದು ದಿನ ಇಟ್ಟುಕೊಳ್ಳಿ. ಪ್ರೋಬ್ ಬಿಚ್ಚಿ ಅಂಗೈಯಲ್ಲಿ ಹಿಡಿದು, ಅಲಾರಂ ತಡವನ್ನು ಒಂದು ನಿಮಿಷಕ್ಕೆ ಇಳಿಸಿ ನೋಡಿ. ಕೂಗಿತಾ? ಫೋನ್‌ಗೆ ಬಂತಾ? ಸೈರನ್ ಆಯಿತಾ? ನಂತರ ಮೇನ್ ತೆಗೆದು ಬ್ಯಾಟರಿ ಮೇಲೆ ಮತ್ತೊಮ್ಮೆ. ಆಮೇಲೆ ಒಬ್ಬರು ರೂಮಿನೊಳಗೆ ಹೋಗಿ, ಇನ್ನೊಬ್ಬರು ಹೊರಗೆ ಬಾಗಿಲ ಹಿಡಿ ಬಿಡದೆ ನಿಂತು, ಸಿಕ್ಕಿಬಿದ್ದವರ ಬಟನ್ ಒತ್ತಿ ನೋಡಿ. ಮುಗಿದ ಮೇಲೆ ಅಲಾರಂ ತಡವನ್ನು 30 ನಿಮಿಷಕ್ಕೆ ವಾಪಸ್ ಇಡಲು ಮರೆಯಬೇಡಿ. ನಾನೇ ಒಮ್ಮೆ ಮರೆತು ಅಂಕೋಲಾ ತನಕ ಬಂದಿದ್ದೆ. ಫೋನ್ ಬಂತು, ತಿರುಗಿ ಹೋದೆ.